ಆ ಮೂಗನ್ನು ಯಾಕೆ ಹಾಗೇ ಬಿಟ್ಟರು?

ಹೋದ ಸಂಚಿಕೆಯಲ್ಲಿ ಈ ಪುಟದ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ ಹಾಕಿದ್ದೆವು. ಕೆಂಪು ನಿಲುವಂಗಿ ತೊಟ್ಟ ಒಬ್ಬ ಮುದುಕ, ಅವನ ಎದೆಯ ಮೇಲೆ ಕೈಯಿಟ್ಟು ಮುಖ ಎತ್ತಿ ನೋಡುತ್ತಿರುವ ಒಬ್ಬ ಹುಡುಗ. ಡೊಮೆನಿಕೊ ಗಿರ್ಲಾಂದಾಯೊ ಎಂಬ ಚಿತ್ರಕಾರ 1490ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬರೆದದ್ದು. ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅದರ ಬಗ್ಗೆ ನಾನು ಬರೆದದ್ದು ಎರಡೇ ಸಾಲು. ಬಂದ ಪತ್ರಗಳು ಒಂದು ಕಂತೆ. ಮುಕ್ಕಾಲು ಪಾಲು ಮೂಗಿನ ಬಗ್ಗೆಯೇ! ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಆ ಅಜ್ಜನ ಮೂಗು ನೋಡಿ ನನಗೆ ಒಂದು ಕ್ಷಣ ಮುಖ ತಿರುಗಿಸುವಂತಾಯಿತು. ಗಂಟು ಗಂಟಾಗಿ ಊದಿಕೊಂಡಿದೆ. ದುಡ್ಡು ಕೊಟ್ಟು ಬರೆಸಿಕೊಂಡವರು ಇದನ್ನು ಹೇಗೆ ಒಪ್ಪಿದರು? ಚಿತ್ರಕಾರ ಸ್ವಲ್ಪ ತಿದ್ದಬಹುದಿತ್ತಲ್ಲ? ಇದನ್ನೇ ಮಾನವೀಯತೆಯ ದೊಡ್ಡ ಚಿತ್ರ ಅಂತ ಯಾಕೆ ಹೊಗಳುತ್ತಾರೆ?

ಮುಖ ತಿರುಗಿಸುವಂತಾಯಿತು ಅಂತ ನೀವು ಒಪ್ಪಿಕೊಂಡದ್ದು ನನಗೆ ಇಷ್ಟವಾಯಿತು. ಎಷ್ಟೋ ಜನ ಆ ಮಾತನ್ನು ನುಂಗಿಕೊಂಡು ನೇರವಾಗಿ ‘ಅದ್ಭುತ’ ಎನ್ನುತ್ತಾರೆ.

ತಿದ್ದುವ ವಿಷಯಕ್ಕೆ ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಮೂವತ್ತು ವರ್ಷದ ಹಿಂದೆ ನಾನು ಹೊಟ್ಟೆಪಾಡಿಗೆ ಭಾವಚಿತ್ರ ಬರೆಯುತ್ತಿದ್ದೆ. ಒಂದು ಮನೆಯ ಹಿರಿಯರ ಚಿತ್ರ ಬರೆಯಲು ಕೇಳಿದರು. ಅವರ ಎಡ ಹುಬ್ಬಿನ ಮೇಲೆ ಗೋಲಿ ಗಾತ್ರದ ಒಂದು ಗಂಟು ಇತ್ತು. ಯಾರೂ ಹೇಳದೆಯೇ, ನನ್ನ ಪಾಡಿಗೆ ನಾನು ಅದನ್ನು ತೆಗೆದುಬಿಟ್ಟೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಚಿತ್ರದ ಮೇಲಿನ ಬಟ್ಟೆ ಸರಿಸಿದಾಗ ಅವರ ಮೊಮ್ಮಗಳು, ಏಳೆಂಟು ವರ್ಷ ಇರಬಹುದು, “ಇದು ಯಾರು?” ಎಂದು ಕೇಳಿದಳು.

ಸರಿ, ಗಂಟು ಸೇರಿಸಿ ಕೊಡಿ ಎಂದರು. ಸೇರಿಸಿದೆ. ಅಂಟಿಸಿದ ಹಾಗೆ ಕಾಣಿಸಿತು! ಯಾಕೆಂದರೆ ಗಂಟು ಒಂದೇ ಬೇರೆಯಾಗಿ ಇರುವುದಿಲ್ಲ. ಅದರಿಂದ ಹುಬ್ಬು ಒಂದು ಕಡೆ ಜಗ್ಗುತ್ತದೆ, ರೆಪ್ಪೆಯ ಮೇಲೆ ನೆರಳು ಬೀಳುತ್ತದೆ, ಹಣೆಯ ಗೆರೆಗಳು ಬಳಸಿಕೊಂಡು ಹೋಗುತ್ತವೆ. ಅದಿಲ್ಲದೆ ಕಟ್ಟಿದ ಮುಖಕ್ಕೆ ಅದನ್ನು ಆಮೇಲೆ ತಂದು ಕೂರಿಸಲು ಆಗುವುದಿಲ್ಲ. ಕೊನೆಗೆ ಇಡೀ ಮುಖ ಕೆರೆದು ಮತ್ತೆ ಬರೆದೆ.

ಈಗ ಗಿರ್ಲಾಂದಾಯೊನ ಅಜ್ಜನನ್ನು ನೋಡಿ. ಆ ಮೂಗನ್ನು ಅವನು ಅಂಟಿಸಿಲ್ಲ. ಮೂಗಿನ ಭಾರಕ್ಕೆ ತಕ್ಕ ಹಾಗೆ ಇಡೀ ಮುಖವೇ ಕೆಳಗೆ ಬಾಗಿದೆ. ಹಣೆಯ ಮೇಲೆ ಒಂದು ಗುಳ್ಳೆ ಇದೆ, ಅದನ್ನೂ ಬಿಟ್ಟಿಲ್ಲ. ನರೆತ ಕೂದಲು, ಕಣ್ಣಿನ ಕೆಳಗೆ ಸಡಿಲಾದ ಚರ್ಮ, ಎಲ್ಲವೂ ಒಂದೇ ಮುಖದವು. ನೋಡಿ ನೋಡಿ ಅಭ್ಯಾಸವಾದ ಕೈ ಮಾತ್ರ ಹೀಗೆ ಬರೆಯುತ್ತದೆ.

ಆದರೆ ನಿಜ ಬರೆದ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ. ಒಂದು ಸಣ್ಣ ಪ್ರಯೋಗ ಮಾಡಿ. ಹೆಬ್ಬೆರಳಿಟ್ಟು ಮೂಗನ್ನು ಮುಚ್ಚಿ ನೋಡಿ. ಅಜ್ಜ ಸುಮ್ನೆ ಒಬ್ಬ ಒಳ್ಳೆಯ ಅಜ್ಜ ಆಗಿಬಿಡುತ್ತಾನೆ. ಶುಭಾಶಯ ಪತ್ರದಲ್ಲಿ ಬರುವಂಥ ಅಜ್ಜ. ಈಗ ಬೆರಳು ತೆಗೆದು ಹುಡುಗನನ್ನು ಮುಚ್ಚಿ. ಉಳಿಯುವುದು ಬರೀ ಮೂಗು. ವೈದ್ಯಕೀಯ ಪುಸ್ತಕದ ಚಿತ್ರದ ಹಾಗೆ. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ನಿಮ್ಮೊಳಗೆ ಏನೋ ಆಗುತ್ತದೆ. ನಿಮಗೆ ಮುಖ ತಿರುಗಿಸಬೇಕು ಅನ್ನಿಸಿದ ಜಾಗವನ್ನೇ ಆ ಹುಡುಗ ಒಂದು ಗೇಣು ದೂರದಿಂದ ನೋಡುತ್ತಿದ್ದಾನೆ. ಅವನಿಗೆ ಅಲ್ಲಿ ವಿಚಿತ್ರ ಏನೂ ಕಾಣುತ್ತಿಲ್ಲ. ನಾವು ಬಂದದ್ದು ತಡವಾಗಿ. ಅವನಿಗೆ ಹುಟ್ಟಿದಾಗಿನಿಂದ ಗೊತ್ತಿರುವ ಮುಖ ಅದು.

ಇದನ್ನು ಚಿತ್ರಕಾರ ಎಷ್ಟು ಲೆಕ್ಕ ಹಾಕಿ ಜೋಡಿಸಿದ್ದಾನೆ ಗೊತ್ತಾ? ಹುಡುಗನನ್ನು ಪೂರ್ತಿ ಪಕ್ಕದಿಂದ ತೋರಿಸಿದ್ದಾನೆ. ಅವನ ಪುಟ್ಟ, ನೆಟ್ಟಗಿನ ಮೂಗು ಅಜ್ಜನ ಮೂಗಿನ ಎದುರಿಗೇ ಬರುತ್ತದೆ. ಇಬ್ಬರಿಗೂ ಕೆಂಪು ಬಟ್ಟೆ. ಬಣ್ಣ ಒಂದೇ ಆದ್ದರಿಂದ ಅಜ್ಜನ ಮೈ ಎಲ್ಲಿ ಮುಗಿಯಿತು, ಹುಡುಗನದು ಎಲ್ಲಿ ಶುರುವಾಯಿತು ಅಂತ ಕಣ್ಣು ಹುಡುಕುವುದೇ ಇಲ್ಲ. ಆ ಕೆಂಪಿನ ಮೇಲೆ ಬೆಳ್ಳಗೆ ಎದ್ದು ಕಾಣುವುದು ಹುಡುಗನ ಒಂದು ಪುಟ್ಟ ಕೈ. ಹಿಂದಿನ ಗೋಡೆ ಮಂಕು. ಬಲಕ್ಕೆ ಮೇಲೆ ಒಂದು ಕಿಟಕಿ, ಆಚೆ ಅಂಕುಡೊಂಕಾದ ದಾರಿ, ದೂರದಲ್ಲಿ ಬೆಟ್ಟ. ಕಣ್ಣು ಒಮ್ಮೆ ಆ ದಾರಿ ಹಿಡಿದು ಹೋಗಿ ಬರುತ್ತದೆ. ಬಂದು ಮತ್ತೆ ಇವರಿಬ್ಬರ ನಡುವೆಯೇ ಬೀಳುತ್ತದೆ.

ಮುಖ್ಯವಾಗಿ, ಇಬ್ಬರೂ ನಮ್ಮನ್ನು ನೋಡುತ್ತಿಲ್ಲ. ಸಾಮಾನ್ಯವಾಗಿ ಭಾವಚಿತ್ರದಲ್ಲಿರುವವರು ‘ನನ್ನನ್ನು ನೋಡಿ’ ಅಂತ ಕೂತಿರುತ್ತಾರೆ. ಇಲ್ಲಿ ನಾವು ಇದ್ದೇವೆ ಅನ್ನುವುದೇ ಅವರಿಗೆ ಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಇದೇ ಗಿರ್ಲಾಂದಾಯೊನ ಹೆಸರಿನಲ್ಲಿ ಇನ್ನೊಂದು ಜೋಡಿ ಚಿತ್ರ ಇದೆ. ಫ್ಲಾರೆನ್ಸಿನ ಮೆಡಿಚಿ ಮನೆತನದ ಬ್ಯಾಂಕಿನ ಮೇಲ್ವಿಚಾರಕ ಫ್ರಾಂಚೆಸ್ಕೊ ಸಾಸೆಟ್ಟಿ ಮತ್ತು ಅವನ ಮಗ ತೆಯೊಡೊರೊ. ಅಲ್ಲೂ ಹುಡುಗ ಮುಖ ಎತ್ತಿ ಅಪ್ಪನನ್ನು ನೋಡುತ್ತಾನೆ. ಅಪ್ಪನ ನೋಟ ಬೇರೆಲ್ಲೋ ಇದೆ. ಮೇಲೆ ಇಬ್ಬರ ಹೆಸರೂ ಬರೆದಿದೆ. ಗತ್ತಿನ ಚಿತ್ರ ಅದು. ಲೂವ್ರ್‌ನ ಅಜ್ಜನಿಗೆ ಹೆಸರೂ ಇಲ್ಲ, ಗತ್ತೂ ಇಲ್ಲ. ಅವನು ಯಾರು ಅಂತ ಇವತ್ತಿಗೂ ಗುರುತಾಗಿಲ್ಲ. ‘ಅಜ್ಜ–ಮೊಮ್ಮಗ’ ಅನ್ನುವುದು ಕೂಡ ನೋಡಿದವರು ಕಟ್ಟಿಕೊಂಡ ಸಂಬಂಧ. ಆ ನೋಟ ಕಂಡ ಮೇಲೆ ಬೇರೆ ಏನೂ ಹೇಳಲು ಯಾರಿಗೂ ಮನಸ್ಸು ಬಂದಿಲ್ಲ, ಅಷ್ಟೇ.

ಇನ್ನು, ನನಗೆ ಬಹಳ ಕಾಲ ನಿದ್ದೆ ಕೆಡಿಸಿದ ವಿಷಯ. ಸ್ವೀಡನ್ನಿನ ಸ್ಟಾಕ್‌ಹೋಮ್‌ನ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಗಿರ್ಲಾಂದಾಯೊ ಬರೆದ ಒಂದು ರೇಖಾಚಿತ್ರ ಇದೆ. ಬೆಳ್ಳಿ ಕಡ್ಡಿಯಿಂದ ಎಳೆದ ಸಣ್ಣ ಸಣ್ಣ ಗೆರೆಗಳು. ಅದೇ ಅಜ್ಜ. ಅದೇ ಮೂಗು, ಅದೇ ಗುಳ್ಳೆ. ಆದರೆ ಕಣ್ಣು ಮುಚ್ಚಿವೆ. ಆತ ತೀರಿಕೊಂಡ ಮೇಲೆ, ಹಾಸಿಗೆಯ ಪಕ್ಕದಲ್ಲಿ ನಿಂತು ಬರೆದದ್ದಿರಬೇಕು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಮಲಗಿದ್ದಾಗ ಬರೆದದ್ದು ಎನ್ನುವವರೂ ಇದ್ದಾರೆ. ನಾನು ಮೊದಲನೆಯವರ ಕಡೆ. ಆ ಮುಖದಲ್ಲಿ ನಿದ್ದೆಯ ಬಿಸುಪಿಲ್ಲ.

ಹಾಗಿದ್ದರೆ ಏನಾಯಿತು ಯೋಚಿಸಿ. ನೀವು ‘ಯಾಕೆ ತಿದ್ದಲಿಲ್ಲ’ ಎಂದು ಕೇಳಿದ ಮೂಗು ಚಿತ್ರಕಾರ ಕಣ್ಣಾರೆ ಕಂಡದ್ದು. ಆದರೆ ಅಜ್ಜ ತಲೆ ಬಗ್ಗಿಸಿ ಹುಡುಗನನ್ನು ನೋಡುವ ಆ ನೋಟ? ಅದು ಚಿತ್ರಕಾರ ಮಾಡಿದ್ದು. ಮುಚ್ಚಿದ ಕಣ್ಣು ತೆರೆಸಿ, ತಲೆ ಬಾಗಿಸಿ, ತುಟಿಯ ಕೊನೆಯಲ್ಲಿ ಒಂದು ಎಳೆ ನಗು ಇಟ್ಟು, ಎದುರಿಗೆ ಹುಡುಗನನ್ನು ತಂದು ನಿಲ್ಲಿಸಿದ್ದಾನೆ. ತಿದ್ದಿದ್ದಾನೆ ರೀ, ಖಂಡಿತ ತಿದ್ದಿದ್ದಾನೆ! ತಿದ್ದಿದ್ದು ಮೂಗನ್ನಲ್ಲ, ಸಾವನ್ನು. ಮೂಗು ಅಷ್ಟು ನಿಜವಾಗಿ ಇರುವುದರಿಂದಲೇ ಅವನು ಕಟ್ಟಿದ ನೋಟವನ್ನೂ ನಾವು ನಂಬುತ್ತೇವೆ. ಮೂಗಿನ ವಿಷಯದಲ್ಲಿ ಸುಳ್ಳು ಹೇಳದವನು ಪ್ರೀತಿಯ ವಿಷಯದಲ್ಲಿ ಹೇಳುತ್ತಾನಾ ಅಂತ.

ಪ್ರಶ್ನೆ: ರಿನೈಸಾನ್ಸ್ (ಯುರೋಪಿನ ಪುನರುಜ್ಜೀವನ ಕಾಲದ) ಕಲೆ ಅಂದರೆ ‘ಹ್ಯೂಮನಿಸಂ’ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟರು. ಹ್ಯೂಮನಿಸಂ ಅಂದರೆ ಕರುಣೆ, ಮಾನವೀಯತೆ ಅಲ್ವಾ? ಅದಕ್ಕೂ ಭಾವಚಿತ್ರಕ್ಕೂ ಏನು ಸಂಬಂಧ?

ಅಲ್ಲ, ಆಗಿನ ಅರ್ಥ ಅದಲ್ಲ. ಈ ಗೊಂದಲ ಕನ್ನಡದಲ್ಲಿ ಇನ್ನೂ ಜಾಸ್ತಿ. ಯಾಕೆಂದರೆ ನಾವು ಎರಡಕ್ಕೂ ‘ಮಾನವ’ ಸೇರಿಸಿಯೇ ಪದ ಮಾಡಿಕೊಂಡಿದ್ದೇವೆ. 15ನೇ ಶತಮಾನದ ಇಟಲಿಯಲ್ಲಿ ಹ್ಯೂಮನಿಸ್ಟ್ ಎಂದರೆ ಹಳೆಯ ಲ್ಯಾಟಿನ್, ಗ್ರೀಕ್ ಬರಹಗಳನ್ನು ಹುಡುಕಿ ಓದುವವನು. ವ್ಯಾಕರಣ, ಮಾತುಗಾರಿಕೆ, ಕಾವ್ಯ, ಇತಿಹಾಸ, ನೀತಿ, ಇವು ಅವರ ಪಾಠಗಳು. ಅವರಲ್ಲಿ ಕರುಣೆ ಇಲ್ಲದವರೂ ಬೇಕಾದಷ್ಟಿದ್ದರು.

ಆದರೆ ಆ ಓದಿನಿಂದ ಒಂದು ಪ್ರಶ್ನೆ ಎದ್ದಿತು. ಈ ಒಬ್ಬ ಮನುಷ್ಯ, ಇವನ ಹೆಸರು, ಇವನ ಮಾತು, ಇವನ ಮುಖ ಯಾಕೆ ಉಳಿಯಬೇಕು? ಲಿಯೊನ್ ಬತ್ತಿಸ್ತಾ ಆಲ್ಬರ್ಟಿ ಎಂಬ ಹ್ಯೂಮನಿಸ್ಟ್ 1435ರಲ್ಲಿ ಚಿತ್ರಕಲೆಯ ಬಗ್ಗೆ ಒಂದು ಪುಸ್ತಕ ಬರೆದ. ಗೆಳೆತನದ ಹಾಗೆ ಚಿತ್ರವೂ ದೂರ ಇರುವವರನ್ನು ಹತ್ತಿರ ತರುತ್ತದೆ, ಅಷ್ಟೇ ಅಲ್ಲ, ಸತ್ತವರನ್ನೂ ಬದುಕಿರುವವರಂತೆ ತೋರಿಸುತ್ತದೆ ಎನ್ನುವುದು ಅವನ ಮಾತು. ಅಜ್ಜನ ಚಿತ್ರ ಅದಕ್ಕೆ ಐವತ್ತೈದು ವರ್ಷ ತಡವಾಗಿ ಸಿಕ್ಕ ಉದಾಹರಣೆ ಎನ್ನಬಹುದು.

ಮೊದಮೊದಲು ಮುಖಗಳನ್ನು ಪಕ್ಕದಿಂದಲೇ ಬರೆಯುತ್ತಿದ್ದರು, ರೋಮಿನ ಹಳೆಯ ನಾಣ್ಯಗಳ ಮೇಲಿನ ಚಕ್ರವರ್ತಿಗಳ ಹಾಗೆ. ಪಕ್ಕದ ಮುಖಕ್ಕೆ ಒಂದು ಅನುಕೂಲ ಇದೆ. ಏನು ಬೇಕೋ ಅಷ್ಟೇ ತೋರಿಸಬಹುದು. ಪಿಯೆರೊ ಡೆಲ್ಲಾ ಫ್ರಾಂಚೆಸ್ಕಾ ಎಂಬ ಚಿತ್ರಕಾರ ಇಟಲಿಯ ಉರ್ಬಿನೊದ ದೊರೆ ಫೆದೆರಿಗೊನನ್ನು ಬರೆದಿದ್ದಾನೆ, ಫ್ಲಾರೆನ್ಸಿನ ಉಫಿಜ್ಜಿ ಮ್ಯೂಸಿಯಂನಲ್ಲಿದೆ. ದೊರೆಗೆ ಒಂದು ಕಾದಾಟದ ಆಟದಲ್ಲಿ ಬಲಗಣ್ಣು ಹೋಗಿತ್ತು, ಮೂಗು ಮುರಿದಿತ್ತು. ಚಿತ್ರದಲ್ಲಿ ಎಡ ಮಗ್ಗುಲು ಮಾತ್ರ ಇದೆ. ಹೋದ ಕಣ್ಣು ಕಾಣುವುದಿಲ್ಲ. ಆದರೆ ಮುರಿದ ಮೂಗು, ಕೆನ್ನೆಯ ಗುಳ್ಳೆಗಳು ಹಾಗೇ ಇವೆ. ಅರ್ಧ ಮುಚ್ಚಿಟ್ಟು ಅರ್ಧ ತೋರಿಸಿದ ನಿಜ. ನನಗೆ ಅದೂ ಇಷ್ಟ, ಅದರ ಚಾಲಾಕಿಗೆ.

ಮುಖವನ್ನು ಮುಕ್ಕಾಲು ಭಾಗ ನಮ್ಮ ಕಡೆ ತಿರುಗಿಸಿ ಬರೆಯುವ ಪದ್ಧತಿ ಫ್ಲಾಂಡರ್ಸ್ (ಈಗಿನ ಬೆಲ್ಜಿಯಂ) ಕಡೆಯಿಂದ ಇಟಲಿಗೆ ಬಂತು. ಹಾಗೆ ತಿರುಗಿದ ಮುಖದಲ್ಲಿ ಎರಡೂ ಕಣ್ಣು ಬಂದವು, ಮುಚ್ಚಿಡುವುದು ಕಷ್ಟವಾಯಿತು. ನಮ್ಮ ಅಜ್ಜ ಹೀಗೆ ತಿರುಗಿದವನು. ಹುಡುಗ ಮಾತ್ರ ಹಳೆಯ ನಾಣ್ಯದ ಹಾಗೆ ಪಕ್ಕದಿಂದಲೇ ಇದ್ದಾನೆ. ವಯಸ್ಸಾದವನಿಗೆ ಹೊಸ ಪದ್ಧತಿ, ಚಿಕ್ಕವನಿಗೆ ಹಳೆಯದು. ಬೇಕೆಂದೇ ಮಾಡಿದ್ದೋ ಏನೋ, ನನಗಂತೂ ನೋಡಿದಾಗಲೆಲ್ಲ ನಗು ಬರುತ್ತದೆ.

ಇನ್ನೊಂದು ಮಾತು ಸೇರಿಸಲೇಬೇಕು. ಆ ಕಾಲದ ಓದಿದವರು ‘ಮುಖ ನೋಡಿದರೆ ಗುಣ ಗೊತ್ತಾಗುತ್ತದೆ’ ಎಂದು ಬಲವಾಗಿ ನಂಬಿದ್ದರು. ಅದಕ್ಕೆ ಶಾಸ್ತ್ರವೇ ಇತ್ತು. ಚಂದದ ಮೈಯೊಳಗೆ ಚಂದದ ಆತ್ಮ. ವಿಕಾರ ಕಂಡರೆ ಒಳಗೂ ವಿಕಾರ. ನಾವು ಮುಖ ನೋಡಿ ಮಣೆ ಹಾಕುತ್ತೇವಲ್ಲ, ಅದಕ್ಕೊಂದು ಪುಸ್ತಕದ ಆಧಾರ! ಅಂಥ ಊರಿನಲ್ಲಿ ಕೂತು, ಅಂಥವರಿಗೇ ಚಿತ್ರ ಬರೆದು ಬದುಕುತ್ತಿದ್ದ ಗಿರ್ಲಾಂದಾಯೊ ಈ ಮೂಗನ್ನೂ ಈ ಮಮತೆಯನ್ನೂ ಒಂದೇ ಮುಖದಲ್ಲಿ ಇಟ್ಟ. ಶಾಸ್ತ್ರವನ್ನು ಸುಳ್ಳು ಮಾಡಲೆಂದೇ ಬರೆದನೆಂದು ನಾನು ಹೇಳುವುದಿಲ್ಲ. ಆದರೆ ಚಿತ್ರದ ಎದುರು ಆ ಶಾಸ್ತ್ರ ನಿಲ್ಲುವುದಿಲ್ಲ. ಈಗಿನ ಅರ್ಥದ ಮಾನವೀಯತೆಯೂ ಆಗಿನ ಅರ್ಥದ ಹ್ಯೂಮನಿಸಂ ಕೂಡ ಇಲ್ಲಿ ಒಂದೇ ಹಲಗೆಯ ಮೇಲೆ ಸಿಗುತ್ತವೆ.

ಇದೇ ಚಿತ್ರಕಾರ ಜೊವಾನ್ನಾ ಎಂಬ ಹೆಣ್ಣುಮಗಳನ್ನೂ ಬರೆದಿದ್ದಾನೆ. ತೊರ್ನಾಬುವೊನಿ ಎಂಬ ಶ್ರೀಮಂತ ಮನೆಯ ಸೊಸೆ. 1488ರಲ್ಲಿ, ಎರಡನೇ ಸಲ ಬಸುರಿಯಾಗಿದ್ದಾಗ ತೀರಿಕೊಂಡಳು. ಚಿತ್ರ ಈಗ ಮ್ಯಾಡ್ರಿಡ್ಡಿನ ಥಿಸ್ಸೆನ್ ಮ್ಯೂಸಿಯಂನಲ್ಲಿದೆ. ಪಕ್ಕದಿಂದ ಬರೆದ, ಒಂದು ಕಲೆ ಇಲ್ಲದ ಮುಖ. ಅವಳ ಹಿಂದೆ ಒಂದು ಚೀಟಿಯಲ್ಲಿ ಲ್ಯಾಟಿನ್ ಸಾಲುಗಳು: ಕಲೆಯೇ, ನಡತೆಯನ್ನೂ ಮನಸ್ಸನ್ನೂ ತೋರಿಸುವುದು ನಿನ್ನಿಂದ ಆಗುವಂತಿದ್ದರೆ ಲೋಕದಲ್ಲಿ ಇದಕ್ಕಿಂತ ಚಂದದ ಚಿತ್ರ ಇರುತ್ತಿರಲಿಲ್ಲ. ರೋಮಿನ ಕವಿ ಮಾರ್ಷಿಯಲ್‌ನ ಪದ್ಯದಿಂದ ತೆಗೆದುಕೊಂಡದ್ದು. ಚಿತ್ರದೊಳಗೇ ಚಿತ್ರಕ್ಕೆ ಒಂದು ಚುಚ್ಚು! ಅಜ್ಜನ ಚಿತ್ರದಲ್ಲಿ ಅಂಥ ಚೀಟಿ ಇಲ್ಲ. ಬೇಕಾಗಿಲ್ಲ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಆ ಚಿತ್ರ ಎಣ್ಣೆ ಬಣ್ಣದ್ದಾ? ಇಷ್ಟು ನಯ ಹೇಗೆ ಬಂತು? ನಾನೂ ಸ್ವಲ್ಪ ಬರೆಯುತ್ತೇನೆ, ಅದಕ್ಕೇ ಕೇಳಿದೆ.

ಎಣ್ಣೆ ಬಣ್ಣ ಅಲ್ಲ, ಟೆಂಪೆರಾ. ಮೊಟ್ಟೆಯ ಹಳದಿ ಲೋಳೆಯಲ್ಲಿ ಬಣ್ಣದ ಪುಡಿ ಕಲಸಿ ಬರೆಯುವುದು. ಪಾಪ್ಲರ್ ಮರದ ಹಲಗೆ, ಸುಮಾರು 62 ಸೆಂಟಿಮೀಟರ್ ಎತ್ತರ, 46 ಅಗಲ. ನಾನು ಪುಸ್ತಕದಲ್ಲಿ ನೋಡಿ ದೊಡ್ಡ ಚಿತ್ರ ಎಂದುಕೊಂಡಿದ್ದೆ. ಲೂವ್ರ್‌ನಲ್ಲಿ ಎದುರಿಗೆ ನಿಂತಾಗ, ಅರೆ, ಇಷ್ಟೇನಾ ಎನ್ನಿಸಿತು. ಜನ ಪಕ್ಕದಲ್ಲೇ ಮೋನಾಲಿಸಾ ಕಡೆಗೆ ಧಾವಿಸುತ್ತಿದ್ದರು. ಮುಕ್ಕಾಲು ಗಂಟೆ ನಿಂತೆ, ಒಬ್ಬರೂ “ಸ್ವಲ್ಪ ಸರಿಯಿರಿ” ಅನ್ನಲಿಲ್ಲ.

ನೀವು ಬರೆಯುವವರಾದ್ದರಿಂದ ಹೇಳುತ್ತೇನೆ, ಟೆಂಪೆರಾ ಹಟಮಾರಿ. ಹಚ್ಚಿದ ಕೂಡಲೇ ಒಣಗುತ್ತದೆ. ಎಣ್ಣೆ ಬಣ್ಣದ ಹಾಗೆ ಉಜ್ಜಿ ಉಜ್ಜಿ ನೆರಳು ಬೆರೆಸಲು ಬಿಡುವುದಿಲ್ಲ. ಸಣ್ಣ ಕುಂಚದಲ್ಲಿ ಕೂದಲೆಳೆಯಂಥ ಗೆರೆಗಳನ್ನು ಒಂದರ ಪಕ್ಕ ಒಂದು ಎಳೆಯುತ್ತಾ ಹೋಗಬೇಕು. ಹತ್ತಿರ ಹೋದರೆ ಗೆರೆ, ದೂರ ನಿಂತರೆ ಚರ್ಮ. ಆ ಮೂಗಿನ ಒಂದೊಂದು ಉಬ್ಬನ್ನೂ ಹಾಗೆ ಗೆರೆ ಗೆರೆಯಾಗಿ ಎಬ್ಬಿಸಬೇಕು. ನಾನು ಒಮ್ಮೆ ಆ ಮೂಗಿನ ನಕಲು ಮಾಡಲು ಕೂತೆ. ಮೂರನೇ ದಿನ ಬಿಟ್ಟೆ. ಬೇಡವಾದ ಒಂದು ಮೂಗಿಗೆ ಯಾರೂ ಅಷ್ಟು ದಿನ ಕೊಡುವುದಿಲ್ಲ ಅನ್ನುವುದು ಆಗ ಬೆರಳಿಗೆ ತಿಳಿಯಿತು.

ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ ಗಿರ್ಲಾಂದಾಯೊಗಿಂತ ಮೊದಲೇ, 1400ರ ಆಸುಪಾಸಿನಲ್ಲಿ, ಕಸುಬಿನ ಕೈಪಿಡಿ ಬರೆದಿಟ್ಟ. ಅದರಲ್ಲಿ ನನಗೆ ಪ್ರಿಯವಾದ ಒಂದು ಸೂಚನೆ ಇದೆ. ಎಳೆಯರ ಮುಖ ಬರೆಯುವಾಗ ಪೇಟೆಯ ಕೋಳಿಯ ಮೊಟ್ಟೆ ತೆಗೆದುಕೊಳ್ಳಿ, ಅದರ ಲೋಳೆ ತುಸು ಬಿಳಿ. ಮುದುಕರಿಗೆ, ಕಪ್ಪು ಮೈಬಣ್ಣದವರಿಗೆ ಹಳ್ಳಿಯ ಕೋಳಿಯದು, ಅದು ಕೆಂಪು ಜಾಸ್ತಿ. ಗಿರ್ಲಾಂದಾಯೊ ಅಜ್ಜನಿಗೊಂದು ಮೊಟ್ಟೆ, ಹುಡುಗನಿಗೊಂದು ಮೊಟ್ಟೆ ಎಂದು ಬೇರೆ ಬೇರೆ ಒಡೆದನೇ? ನನ್ನ ತಲೆಯಲ್ಲಂತೂ ಒಡೆಯುತ್ತಲೇ ಇರುತ್ತಾನೆ.

ಪ್ರಶ್ನೆ: ಕುಡಿದು ಕುಡಿದು ಹಾಗಾದ ಮೂಗು ಅದು ಎಂದು ನಮ್ಮ ಮನೆಯಲ್ಲಿ ವಾದ. ನಿಜವೇ?

ಪಾಪ, ಐನೂರು ವರ್ಷ ಆದ ಮೇಲೂ ಅಜ್ಜನಿಗೆ ಈ ಅಪವಾದ! ಅದಕ್ಕೆ ರೈನೋಫೈಮಾ ಎಂದು ಹೆಸರು. ರೊಸೇಶಿಯಾ ಎಂಬ ಚರ್ಮದ ತೊಂದರೆ ಬಲಿತಾಗ ಮೂಗಿನ ಚರ್ಮ, ಅಲ್ಲಿನ ಎಣ್ಣೆ ಗ್ರಂಥಿಗಳು ದಪ್ಪವಾಗಿ ಹೀಗೆ ಗಂಟು ಕಟ್ಟುತ್ತವೆ. ವಯಸ್ಸಾದ ಗಂಡಸರಲ್ಲಿ ಹೆಚ್ಚು. ಜನ ಬಹಳ ಕಾಲ ಕುಡಿತದ ಗುರುತು ಅಂದುಕೊಂಡಿದ್ದರು. ಒಂದು ತೊಟ್ಟೂ ಮುಟ್ಟದವರಿಗೂ ಬರುತ್ತದೆ. ವಾದದಲ್ಲಿ ಸೋತವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರಶ್ನೆ: ತೀರಿಕೊಂಡ ನಮ್ಮ ತಾತನ ಒಂದು ಫೋಟೊ ಕೊಟ್ಟು ಚಿತ್ರ ಬರೆಸುತ್ತಿದ್ದೇವೆ. ಅದರಲ್ಲಿ ಅವರು ನಗುತ್ತಿದ್ದಾರೆ, ಮುಂದಿನ ಹಲ್ಲು ಎರಡು ಇಲ್ಲ. ಹಲ್ಲು ಸೇರಿಸಿ ಬರೆಯಲಾ ಎಂದು ಚಿತ್ರಕಾರರು ಕೇಳುತ್ತಿದ್ದಾರೆ. ಮನೆಯವರಲ್ಲಿ ಒಮ್ಮತವಿಲ್ಲ. ನೀವೇನು ಹೇಳುತ್ತೀರಿ?

ನಾನು ಏನು ಹೇಳಬಹುದು ಎಂದು ಇಷ್ಟು ಓದಿದ ಮೇಲೆ ನಿಮಗೆ ಗೊತ್ತಾಗಿರಬೇಕು. ಆದರೂ ಒಂದು ಮಾತು. ನಿಮ್ಮ ತಾತ ಬದುಕಿದ್ದಾಗ ಹಲ್ಲಿಲ್ಲ ಎಂದು ಕೈ ಅಡ್ಡ ಹಿಡಿದು ನಗುತ್ತಿದ್ದರಾ? ಹಾಗಿದ್ದರೆ ಅವರ ನಾಚಿಕೆಯನ್ನು ಗೌರವಿಸಿ, ಬಾಯಿ ಮುಚ್ಚಿದ ಬೇರೆ ಫೋಟೊ ಹುಡುಕಿ. ಬಾಯಿ ತುಂಬ ನಗುತ್ತಿದ್ದರಾ? ಹಲ್ಲು ಸೇರಿಸಬೇಡಿ. ಹಲ್ಲು ಬಂದರೆ ಮೇಲ್ದುಟಿ ಮುಂದೆ ಬರುತ್ತದೆ, ಕೆನ್ನೆಯ ಗುಳಿ ಹೋಗುತ್ತದೆ, ನನ್ನ ಗಂಟಿನ ಕತೆಯೇ ಮತ್ತೊಮ್ಮೆ.

ಚಿತ್ರಕಾರರಿಗೆ ಹಲ್ಲಿಗಿಂತ ಮುಖ್ಯವಾದ ಒಂದು ವಿಷಯ ತಿಳಿಸಿ. ಆ ಫೋಟೊದಲ್ಲಿ ತಾತ ನಗುತ್ತಾ ನೋಡುತ್ತಿರುವುದು ಯಾರನ್ನು? ಫೋಟೊ ತೆಗೆದವರು ಯಾರು, ಪಕ್ಕದಲ್ಲಿ ಯಾರಿದ್ದರು, ಆಗ ಯಾರು ಏನು ಹೇಳಿದ್ದರು? ಮನೆಯಲ್ಲಿ ಯಾರಿಗಾದರೂ ನೆನಪಿರುತ್ತದೆ. ಕೇಳಿ, ಒಂದು ಚೀಟಿಯಲ್ಲಿ ಬರೆದು ಫೋಟೊದ ಜೊತೆ ಕೊಡಿ. ಚಿತ್ರ ಮುಗಿದ ಮೇಲೆ ಅದನ್ನು ಮೊದಲು ಮನೆಯ ಚಿಕ್ಕ ಮಗುವಿಗೆ ತೋರಿಸಿ. ಅದು ಏನು ಅಂದಿತು ಅಂತ ನನಗೆ ಒಂದು ಸಾಲು ಬರೆದರೆ ಸಂತೋಷ.